ಹೃದಯ ತೋರಿಸಲು ಹೋದವಳ ಕೊರಳು ನೋಡಿದವರಿಗೆ

ಮೊನ್ನೆಯ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ನನ್ನ ಹೃದಯದ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಎಡ ಕೆಳಕೋಣೆ ಹೊರದೂಡುವ ರಕ್ತದ ಪಾಲು, ಶೇ. 58 ಎಂದು ಬಂದಿದೆ. ಹೋದ ವರ್ಷ ಮಾಘದ ಮದುವೆ ಹಂಗಾಮಿನಲ್ಲಿ ಅದು ಶೇ. 34ಕ್ಕೆ ಇಳಿದಿತ್ತು. ಕೈಹಿಡಿದವರ ಋಣ ದೊಡ್ಡದು. ಹೇಳದೆ ಇರಲಾರೆ.

ಮೊದಲ ನಮಸ್ಕಾರ ಹಾಸನದ ಆ ಹಿರಿಯ ವೈದ್ಯರಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ಪಾದಗಳಲ್ಲಿ ಬಾವು, ಮಲಗಿದರೆ ಕಿವಿಯಲ್ಲೇ ಬಡಿಯುವ ಎದೆ. ಅದಕ್ಕೂ ಮೊದಲು ಬೇರೊಂದು ಕಡೆ ‘ವಯಸ್ಸಿನ ಆತಂಕ’ ಎಂದು ನಿದ್ದೆಮಾತ್ರೆ ಕೊಟ್ಟು ಕಳುಹಿಸಿದ್ದರು. ಇವರು ಇಸಿಜಿ ನೋಡಿ ಅಲ್ಲಿಗೇ ಬಿಡಲಿಲ್ಲ. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಅದು ಪಟಪಟ ನಡುಗಿತು. ನೀರು ಕುಡಿಸಿ, ಗುಟುಕು ಇಳಿಯುವಾಗ ಕೊರಳು ನೋಡಿದರು. ಚೆನ್ನಾಗಿ ಉಂಡೂ ತೂಕ ಇಳಿದಿದೆಯೇ ಎಂದು ಕೇಳಿದರು. ರಕ್ತಪರೀಕ್ಷೆಯಲ್ಲಿ, ಕೊರಳಿನ ಥೈರಾಯ್ಡ್ ಗ್ರಂಥಿಗೆ ಚಾಲನೆ ಕೊಡುವ ಹಾರ್ಮೋನು ಟಿಎಸ್‌ಎಚ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಆ ಗ್ರಂಥಿಯೇ ಸ್ರವಿಸುವ ಹಾರ್ಮೋನುಗಳಾದ ಟಿ3 ಮತ್ತು ಟಿ4 ಎರಡೂ ವಿಪರೀತ. ಗ್ರೇವ್ಸ್ ಕಾಯಿಲೆ ಎಂದರು. ಇದರಲ್ಲಿ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಪ್ರತಿಕಾಯಗಳೇ ಥೈರಾಯ್ಡ್ ಗ್ರಂಥಿಯನ್ನು ಸದಾ ಕೆರಳಿಸುತ್ತಿರುತ್ತವೆ. ಗಳಗಂಡದ ಜೊತೆಗೆ ಎದೆ ಹೊಡೆದುಕೊಳ್ಳುತ್ತಿದ್ದ ಹೆಂಗಸರ ಬಗ್ಗೆ ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ 1835ರಲ್ಲೇ ಬರೆದಿದ್ದರು. ಅಷ್ಟು ಹಳೆಯ ವಿಷಯ ಇಂದಿಗೂ ‘ಆತಂಕ’ವಾಗಿಬಿಡುವುದು ನನಗೆ ಸಿಟ್ಟು ತರಿಸುತ್ತದೆ.

ಹೃದ್ರೋಗ ತಜ್ಞೆಯವರನ್ನು ನಾನು ಬಹಳ ಕಾಡಿದೆ. ಹಾರ್ಮೋನು ಹೆಚ್ಚಾದರೆ ಹೃದಯ ಜೋರಾಗಬೇಕಲ್ಲ, ಸೋತದ್ದೇಕೆ ಎಂದು. ಬೇಸರಿಸದೆ ವಿವರಿಸಿದರು. ಮೊದಮೊದಲು ಜೋರೇ. ಟಿ3 ಹೃದಯದ ಸ್ನಾಯುಕೋಶಗಳನ್ನು ಹೊಕ್ಕು, ಅಲ್ಲಿ ಕ್ಯಾಲ್ಸಿಯಂ ಓಡಾಟದ ವೇಗ ಹೆಚ್ಚಿಸುತ್ತದೆ. ಸ್ನಾಯು ಬೇಗ ಕುಗ್ಗಿ ಬೇಗ ಸಡಿಲುತ್ತದೆ. ಇತ್ತ ರಕ್ತನಾಳಗಳು ಹಿಗ್ಗುತ್ತವೆ. ಅದನ್ನು ತುಂಬಿಕೊಡಲು ಮೂತ್ರಪಿಂಡಗಳು ಉಪ್ಪು, ನೀರು ಹಿಡಿದಿಡುತ್ತವೆ, ರಕ್ತದ ಪ್ರಮಾಣ ಏರುತ್ತದೆ. ಸುಮ್ಮನೆ ಕೂತಿದ್ದರೂ ಹೃದಯಕ್ಕೆ ದುಪ್ಪಟ್ಟು ದುಡಿಮೆ. ನನಗೆ ಮೇಲಿನ ಕೋಣೆಗಳ ಲಯವೂ ತಪ್ಪಿತ್ತು. ಏಟ್ರಿಯಲ್ ಫಿಬ್ರಿಲೇಷನ್, ನಿಮಿಷಕ್ಕೆ 150ರ ಆಸುಪಾಸು ಬಡಿತ. ಹೊಲಿಗೆ ಯಂತ್ರದ ಮೋಟಾರನ್ನು ಹಗಲೂ ರಾತ್ರಿಯೂ ಆರಿಸದೆ ಓಡಿಸಿದರೆ ಏನಾಗುತ್ತದೋ ಅದೇ ಆಗಿತ್ತು: ಸ್ನಾಯು ದಣಿದು ಎಡ ಕೆಳಕೋಣೆ ಹಿಗ್ಗಿತ್ತು. ಥೈರಾಯ್ಡ್ ಹತೋಟಿಗೆ ಬಂದರೆ ಈ ಬಗೆಯ ದೌರ್ಬಲ್ಯ ಬಹುಮಟ್ಟಿಗೆ ವಾಸಿಯಾಗಬಲ್ಲದು, ತೀರ ತಡವಾದರೆ ಎಲ್ಲರಿಗೂ ಹಾಗಾಗದು ಎಂದು ಎರಡನ್ನೂ ಮುಚ್ಚಿಡದೆ ಹೇಳಿದರು. ಬಡಿತ ತಗ್ಗಿಸುವ ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಏರಿಸಿದರು, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ ಕೊಟ್ಟರು. ಥೈರಾಯ್ಡ್ ಇಳಿದ ಮೇಲೆ ಲಯ ತಾನಾಗಿಯೇ ಸರಿಹೋಯಿತು.

ನಮ್ಮ ಬೀದಿಯ ಔಷಧಿ ಅಂಗಡಿಯ ಹುಡುಗನಿಗೂ ಧನ್ಯವಾದ. ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಕೊಡುವಾಗ, “ಅಕ್ಕಾ, ಜ್ವರ ಅಥವಾ ಗಂಟಲು ನೋವು ಬಂದರೆ ಈ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಬಿಳಿ ರಕ್ತಕಣ ಎಣಿಸಬೇಕು” ಎಂದಿದ್ದ. ಮಳೆಗಾಲದಲ್ಲಿ ಗಂಟಲು ಕಟ್ಟಿದಾಗ ಹಾಗೆಯೇ ಓಡಿದೆ. ಕಣಗಳು ಸರಿಯಾಗಿದ್ದವು, ಬರೀ ಶೀತ.

ನಾದಿನಿ ಪ್ರತಿದಿನ ನಾಡಿ ಹಿಡಿದು ಕ್ಯಾಲೆಂಡರಿನಲ್ಲಿ ಬರೆದಿಟ್ಟಳು. ಉಪ್ಪು ಕಡಿಮೆ ಹಾಕಿದ ಸಾರನ್ನು ಮನೆಮಂದಿಯೆಲ್ಲ ನನ್ನ ಜೊತೆ ಉಂಡರು. ಅತ್ತೆಯವರು ಮಾತ್ರ ಉಪ್ಪಿನಕಾಯಿ ಬಿಡಲಿಲ್ಲ, ಅದಕ್ಕೆ ನನ್ನ ತಕರಾರಿಲ್ಲ.

ಇನ್ನು ನನ್ನ ಗಿರಾಕಿಗಳು. ಸೂಜಿಗೆ ದಾರ ಪೋಣಿಸಲಾಗದ ಕೈಯಿಂದ ಮದುವೆಯ ಬ್ಲೌಸು ಬಟ್ಟೆ ಹಿಂದಕ್ಕೆ ಕೇಳದೆ, “ನಿಧಾನವಾಗಿ ಕೊಡಿ” ಎಂದವರು ನೀವು. ಕಾರ್ಬಿಮಜೋಲ್ ಇನ್ನೂ ನಡೆಯುತ್ತಿದೆ, ರಕ್ತಪರೀಕ್ಷೆಯೂ. ಆದರೆ ಕೈ ನಡುಗುತ್ತಿಲ್ಲ. ಬಾಕಿ ಉಳಿದಿದ್ದ ಬ್ಲೌಸುಗಳೆಲ್ಲ ಸಿದ್ಧವಾಗಿವೆ. ಸಂಜೆ ಐದರ ಮೇಲೆ ಬಂದು ತೆಗೆದುಕೊಂಡು ಹೋಗಿ. ಕೂಲಿ ಹೋದ ವರ್ಷದ್ದೇ.