ಆಸಿಡ್ ಬಕೆಟ್ ಮುಟ್ಟುವ ಮುಂಚೆ ಈ ಕಾಗದ ಓದು

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಮಿಕ್ಕದ್ದು ಅವ್ವ ಫೋನಿನಲ್ಲಿ ಹೇಳಿದ್ದಾಳೆ. ಮಣ್ಣಿನಲ್ಲಿ ಸಿಕ್ಕ ಹಳೆ ಕಬ್ಬಿಣದ ಸಾಮಾನುಗಳ ಬಗ್ಗೆ ನಿನ್ನ ಕಾಗದದಲ್ಲಿದ್ದ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು: "ಅಗೆದು ತೆಗೆದ ಮೇಲೆ ಹಪ್ಪಳದ ಹಾಗೆ ಏಳ್ತಿವೆ ಮಾವ, ಕೈಯಲ್ಲೇ ಪುಡಿಯಾಗ್ತವೇನೋ, ಆಸಿಡ್‌ನಲ್ಲಿ ಅದ್ದಿಬಿಡಲಾ?" ಬೇಡಪ್ಪ, ಅದ್ದಬೇಡ.

ನಿನ್ನ ಹೆದರಿಕೆ ಸುಳ್ಳಲ್ಲ. ಮಣ್ಣಿನ ಉಪ್ಪು ತುಕ್ಕಿನ ಒಳಗೆ ಕೂತಿರುತ್ತೆ. ಗಾಳಿ, ತೇವ ಸಿಕ್ಕಿದ ಕೂಡಲೇ ಒಳಗಿನ ಕಬ್ಬಿಣ ಹೊಸದಾಗಿ ತುಕ್ಕಾಗಿ ಉಬ್ಬುತ್ತೆ, ಮೇಲಿನ ಪದರವನ್ನು ಸೀಳುತ್ತೆ. ಭೂತಗನ್ನಡಿ ಹಿಡಿದು ನೋಡು: ಸಾಸಿವೆಗಿಂತ ಸಣ್ಣ ಕಿತ್ತಳೆ ಹನಿಗಳು ಬೆವರಿನ ಹಾಗೆ ಕೂತಿದ್ದರೆ ಅದೇ ಕಾಯಿಲೆ. ಕಕ್ಕಸು ತೊಳೆಯುವ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್. ಅದನ್ನು ಹಾಕಿದರೆ ಈ ಕಾಯಿಲೆ ತರುವ ಉಪ್ಪಿನ ಅಂಶವನ್ನೇ, ಅಂದರೆ ಕ್ಲೋರೈಡನ್ನು, ನಾವೇ ತುಂಬಿದಂತೆ. ಎಣ್ಣೆ, ಪೇಂಟ್ ಬಳಿದರೂ ತೇವ ಒಳಗೇ ಉಳಿಯುತ್ತೆ.

ಒಂದೊಂದಕ್ಕೂ ಆಯಸ್ಕಾಂತ ಹಿಡಿದು ನೋಡು. ಎಳೆಯದಿದ್ದರೆ ಒಳಗೆ ಕಬ್ಬಿಣ ಹೆಚ್ಚೇನೂ ಉಳಿದಿಲ್ಲ, ಆಕಾರ ಇರುವುದೇ ತುಕ್ಕಿನಲ್ಲಿ. ಅದನ್ನು ತಿಕ್ಕಿದರೆ ಗುರುತೇ ಹೋಯಿತು. ತಂತಿ ಬ್ರಷ್ಷಿನಿಂದ ಹಾಗೆ ಕಳೆದುಕೊಂಡವು ನನ್ನ ಲೆಕ್ಕದಲ್ಲೂ ಇವೆ, ಇವತ್ತಿಗೂ ಮನಸ್ಸು ಚುಚ್ಚುತ್ತೆ. ಬಿದಿರುಕಡ್ಡಿ, ಮೆತ್ತನೆ ಬ್ರಷ್ಷಿನಿಂದ ಮಣ್ಣಷ್ಟೇ ತೆಗಿ. ಸ್ಕೇಲ್ ಪಕ್ಕದಲ್ಲಿಟ್ಟು ಎರಡೂ ಕಡೆ ಫೋಟೋ ತೆಗೆದು, ಯಾವ ಮೂಲೆ, ಎಷ್ಟು ಆಳ, ಜೊತೆಗೇನಿತ್ತು ಅಂತ ಬರೆದಿಡು. ಉದುರಿದ ಚೂರುಗಳೂ ಅದರದೇ ಕವರಿನಲ್ಲಿರಲಿ.

ನೀನು ಮುರಿದ ಕುದುರೆ ಲಾಳ ಅಂದದ್ದು ಎತ್ತಿನದಿರಬೇಕು. ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು, ಒಟ್ಟು ಎಂಟು. ಅರ್ಧಚಂದ್ರದ ತೆಳು ತಗಡು, ಹೊರಗಿನ ಅಂಚಿಗೆ ಮೊಳೆ ತೂತುಗಳ ಸಾಲು. ತುದಿ ಎರಡೂ ನಯವಾಗಿದ್ದರೆ ಅದು ಮುರಿದದ್ದಲ್ಲ. ಒಂದು ತುದಿ ಚೂಪಾದ ದಪ್ಪ ಸಲಾಕೆ ನೇಗಿಲ ಗುಳ. ಉಳುಮೆಯಲ್ಲಿ ಮೊನೆಯ ಒಂದು ಮಗ್ಗುಲು ಹೆಚ್ಚು ಸವೆದಿರುತ್ತೆ. ಅಗಲವಾದ ಅಲಗಿನದು ಕುಂಟೆಯ ಕುಡ. ಬೆರಳುದ್ದದ, ತಲೆ ದಪ್ಪಗಿರುವ ಗೂಟ ಬಂಡಿಯ ಗಾಲಿ ಕಳಚದಂತೆ ಹಾಕುವ ಕಡಾಣಿ ಇದ್ದೀತು.

ಕಾಲ ಹೇಳುವುದು ಕಷ್ಟ. ಕುಲುಮೆಯಲ್ಲಿ ಬಡಿದ ಹಳೆ ಕಬ್ಬಿಣ ಸೌದೆಯ ನಾರಿನ ಹಾಗೆ ಎಳೆ ಎಳೆಯಾಗಿ ತುಕ್ಕು ಹಿಡಿಯುತ್ತೆ. ಎರಕದ್ದು ಮುರಿದರೆ ಒಳಗೆ ಬೂದು ಹರಳು. ಚೌಕ ಮೊಳೆ ಹೆಚ್ಚಾಗಿ ಕೈಕೆಲಸದ್ದು, ದುಂಡನೆಯದು ಕಾರ್ಖಾನೆಯ ತಂತಿಮೊಳೆ. ನಟ್ಟು ಬೋಲ್ಟಿನ ಎರಕದ ನೇಗಿಲಾದರೆ ಬಹುಶಃ ಇಪ್ಪತ್ತನೇ ಶತಮಾನದ್ದು ಅನ್ನು. ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಶುರುವಾದದ್ದೇ 1903ರ ಸುಮಾರಿಗೆ. ಅಂಥವುಗಳ ಮೇಲೆ ಅಕ್ಷರ ಇರಬಹುದು, ಅದಕ್ಕೂ ತಿಕ್ಕಬೇಡ ಅಂದೆ.

ಕಬ್ಬಿಣ ಕರಗಿಸಿ ಉಳಿದ ಕಿಟ್ಟದ ರಾಶಿಯೋ, ಸುಟ್ಟ ಮಣ್ಣಿನ ಕೊಳವೆಯೋ, ಒಳಗೆ ಕಪ್ಪು ಹೊರಗೆ ಕೆಂಪು ಮಡಕೆಚೂರೋ ಕಂಡರೆ ಅಗೆತ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸು. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲೇ ಕ್ರಿ.ಪೂ. 1000ದ ಸುಮಾರಿನ ಕಬ್ಬಿಣ ಸಿಕ್ಕಿದೆ.

ಮತ್ತೆ ಅದೇ ಪುಡಿಯಾಗುವ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಕಬ್ಬಿಣದಷ್ಟೇ ತೂಕದ, ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಕಾರ್ಡು. ಕಾರ್ಡಿನಲ್ಲಿ ತೇವ ಶೇಕಡ 20ಕ್ಕಿಂತ ಕೆಳಗಿರಬೇಕು. ಜೆಲ್ ಬಣ್ಣ ತಿರುಗಿದಾಗ ಓವನ್‌ನಲ್ಲಿ 110 ಡಿಗ್ರಿಗೆ ಒಣಗಿಸಿ ವಾಪಸ್ ಹಾಕು. ಖರ್ಚು ಅನ್ನಿಸಿದರೆ ಹೇಳು, ನಾನು ಕಳಿಸುತ್ತೇನೆ.

ಈಗಾಗಲೇ ಒಂದೆರಡನ್ನು ಅದ್ದಿಬಿಟ್ಟಿದ್ದರೆ ಮುಚ್ಚಿಡಬೇಡ. ಗ್ಲೌಸ್ ಹಾಕಿ ಹೊರಗೆ ತೆಗಿ, ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ತೊಳಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರ್ನಾಲ್ಕು ಸಲ ಜಾಲಿಸಿ ಪೂರ್ತಿ ಒಣಗಿಸು. ಉಳಿದದ್ದರ ಫೋಟೋ ಕಳಿಸು, ಲಾಳದ ತೂತು ಎಷ್ಟಿವೆ ಎಣಿಸಿ ಬರಿ.

ನಿನ್ನ ಮಾವ