ಷಾಕ್ ಅಬ್ಸಾರ್ಬರ್‌ಗಳನ್ನು ಇನ್ನು ಮುಂದೆ ಸವಾರರ ಅಳತೆಗೆ ಸಿದ್ಧಪಡಿಸುವ ಕುರಿತು

ಮಾನ್ಯ ಗ್ರಾಹಕರೇ,

ಹಿಮದ ಮೇಲೆ ಓಡುವ ಬೆಟ್ಟದ ಸ್ನೋಮೊಬೈಲ್‌ಗಳಿಗೆ ನಮ್ಮ ಸಹಕಾರ ಕಾರ್ಯಾಗಾರ ಒದಗಿಸುವ ಷಾಕ್ ಅಬ್ಸಾರ್ಬರ್‌ಗಳ ವಿಷಯದಲ್ಲಿ ಬರುವ ಹಿಮದ ಋತುವಿನಿಂದ ಒಂದು ಬದಲಾವಣೆ ಮಾಡುತ್ತಿದ್ದೇವೆ. ಇದುವರೆಗೆ ತಾವು ವಾಹನದ ಮಾದರಿ, ತಯಾರಾದ ವರ್ಷ ಮತ್ತು ಟ್ರ್ಯಾಕಿನ (ವಾಹನವನ್ನು ಮುಂದೂಡುವ ರಬ್ಬರ್ ಪಟ್ಟಿಯ) ಉದ್ದವನ್ನು ತಿಳಿಸಿದರೆ ಸಾಕಿತ್ತು. ಅದಕ್ಕೆ ಕೂರುವ ನಾಲ್ಕು ಷಾಕ್‌ಗಳ ಸೆಟ್ಟನ್ನು ಕಪಾಟಿನಿಂದ ತೆಗೆದು ಕಳಿಸಿಕೊಡುತ್ತಿದ್ದೆವು. ಇನ್ನು ಮುಂದೆ ಸವಾರರ ತೂಕ, ಅವರು ಹೊರುವ ಸಾಮಾನಿನ ತೂಕ, ಅವರು ಓಡಿಸುವ ಹಿಮದ ಬಗೆ ಮತ್ತು ಓಡಿಸುವ ರೀತಿ ತಿಳಿಯದೆ ಒಂದು ಷಾಕನ್ನೂ ಕಳಿಸುವುದಿಲ್ಲ. ಸ್ಪ್ರಿಂಗನ್ನು ಆ ವಿವರಗಳ ಮೇಲೆ ಆರಿಸಿ, ಒಳಗೆ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವನ್ನು ಅದಕ್ಕೆ ತಕ್ಕಂತೆ ಜೋಡಿಸಿದ ಮೇಲೆಯೇ ಷಾಕ್ ಇಲ್ಲಿಂದ ಹೊರಡುತ್ತದೆ. ಇದರಿಂದ ತಾವು ಕಾಯಬೇಕಾದ ಅವಧಿ ಹೆಚ್ಚುತ್ತದೆ. ಹೀಗೇಕೆ ಮಾಡಬೇಕಾಯಿತು ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇವೆ.

ಕಳೆದ ಋತುವಿನಲ್ಲಿ ಒಂದೇ ಮಾದರಿಯ ಎರಡು ವಾಹನಗಳಿಗೆ ಒಂದೇ ಬಗೆಯ ಎರಡು ಸೆಟ್‌ಗಳನ್ನು ಕಳಿಸಿದ್ದೆವು. ಮೊದಲನೆಯದನ್ನು ಕೊಂಡ ಗ್ರಾಹಕರು ಅರವತ್ತು ಕಿಲೋ ತೂಗುವ ಮಹಿಳೆ. ಮಧ್ಯಾಹ್ನವಾಗುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಸಣ್ಣ ಉಬ್ಬಿಗೂ ಹ್ಯಾಂಡಲ್ ಕೈಗೆ ಹೊಡೆಯುತ್ತದೆ ಎಂದು ಅವರು ಬರೆದರು. ಷಾಕ್ ಕುಗ್ಗುವಾಗಿನ ಬಿಗಿಯನ್ನು ಹೊಂದಿಸುವ ಕಂಪ್ರೆಷನ್ ಗುಂಡಿಯನ್ನು ಎರಡು ಕ್ಲಿಕ್ ಸಡಿಲಿಸಿ ಎಂದೆವು, ಆಮೇಲೆ ಇನ್ನೆರಡು ಎಂದೆವು, ಕೊನೆಗೆ ಪೂರ್ತಿ ತೆರೆದಿಟ್ಟರೂ ಫಲ ಕಾಣಲಿಲ್ಲ. ಅದೇ ವಾರ ಎರಡನೆಯ ಗ್ರಾಹಕರಿಂದ ದೂರು ಬಂತು. ಸಾಮಾನು ಸೇರಿ ನೂರಿಪ್ಪತ್ತು ಕಿಲೋ ಮೀರುವ ಅವರಿಗೆ ಹಿಂದಿನ ಷಾಕ್ ಪ್ರತಿ ಹಳ್ಳದಲ್ಲೂ ತಳ ಬಡಿಯುತ್ತಿತ್ತು. ಎರಡೂ ಸೆಟ್‌ಗಳನ್ನು ತರಿಸಿ ಮೇಜಿನ ಮೇಲೆ ಬಿಚ್ಚಿ ಅಕ್ಕಪಕ್ಕ ಇಟ್ಟಾಗ ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ. ಸೀಲುಗಳು ಸರಿಯಾಗಿದ್ದವು, ಎಣ್ಣೆ ತಿಳಿಯಾಗಿತ್ತು, ಪಿಸ್ಟನ್ನಿನ ಮೇಲೆ ಎಣ್ಣೆಯ ದಾರಿಯನ್ನು ತಡೆಯುವ ಶಿಮ್ ಎಂಬ ತೆಳು ಬಿಲ್ಲೆಗಳು ಜೋಡಿಸಿದ್ದ ಕ್ರಮದಲ್ಲೇ ಇದ್ದವು. ಎರಡೂ ಸೆಟ್‌ಗಳು ಎಂಬತ್ತೈದು ಕಿಲೋ ತೂಗುವ, ಅವರಿಬ್ಬರೂ ಅಲ್ಲದ ಮೂರನೆಯ ಯಾರೋ ಒಬ್ಬರಿಗಾಗಿ ತಯಾರಾಗಿದ್ದವು. ತಪ್ಪು ನಮ್ಮ ಪದ್ಧತಿಯಲ್ಲಿತ್ತು. ಅವರಿಬ್ಬರಿಗೂ ಸ್ಪ್ರಿಂಗ್ ಬದಲಿಸಿ, ವಾಲ್ವನ್ನು ಹೊಸದಾಗಿ ಜೋಡಿಸಿ ಕೊಟ್ಟೆವು, ಕ್ಷಮೆಯನ್ನೂ ಕೇಳಿದೆವು.

ಸವಾರರ ತೂಕ ಇಷ್ಟು ಮುಖ್ಯವಾಗಲು ಕಾರಣ ಈ ವಾಹನದ ಸ್ವರೂಪದಲ್ಲೇ ಇದೆ. ಕಾರಿನಲ್ಲಿ ಚಾಲಕರ ತೂಕ ಒಟ್ಟು ತೂಕದ ಸಣ್ಣ ಪಾಲು. ಬೆಟ್ಟದ ಸ್ನೋಮೊಬೈಲ್ ಇನ್ನೂರು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಬೂಟು, ಹೆಲ್ಮೆಟ್, ಹಿಮಕುಸಿತದಿಂದ ಕಾಪಾಡುವ ಏರ್‌ಬ್ಯಾಗ್, ಸಲಿಕೆ, ಹಿಮದಡಿ ಹೂತವರನ್ನು ಹುಡುಕುವ ಕೋಲು, ನೀರು ಎಲ್ಲವನ್ನೂ ಹೊತ್ತ ಸವಾರರು ಅದರ ಮೇಲೆ ನಿಂತಾಗ ಒಟ್ಟು ತೂಕದ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಅವರದೇ ಆಗಿರುತ್ತದೆ. ಆ ತೂಕ ಒಂದೆಡೆ ನಿಲ್ಲುವುದೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಓಡಿಸುವಾಗ ಎರಡೂ ಕಾಲು ಒಂದೇ ಪಕ್ಕದ ಕಾಲಿಡುವ ಹಲಗೆಯ ಮೇಲಿರುತ್ತವೆ. ಏರುವಾಗ ಮೈ ಮುಂದಕ್ಕೆ ಬಾಗುತ್ತದೆ. ಮುಂದಿನ ಎರಡು ಸ್ಕೀಗಳ (ಹಿಮದ ಮೇಲೆ ಜಾರುವ ಪಟ್ಟಿಗಳ) ನಡುವಿನ ಅಗಲ ಸುಮಾರು 36 ಇಂಚು ಮಾತ್ರ ಇರುವ ಇಂಥ ವಾಹನದಲ್ಲಿ ಈ ಚಲನೆಯೇ ಅರ್ಧ ಚಾಲನೆ.

ಇಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ ಎಂಬ ಎರಡನ್ನು ಬೇರೆ ಬೇರೆಯಾಗಿ ನೋಡಬೇಕೆಂದು ವಿನಂತಿಸುತ್ತೇವೆ, ಏಕೆಂದರೆ ನಮಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಇವೆರಡನ್ನು ಬೆರೆಸಿದ್ದರಿಂದ ಹುಟ್ಟಿದವು. ಸ್ಪ್ರಿಂಗ್ ತೂಕವನ್ನು ಹೊರುತ್ತದೆ. ತಗುಲಿದ ಪೆಟ್ಟಿನ ಶಕ್ತಿಯನ್ನು ಹಿಡಿದಿಟ್ಟು ಹಿಂದಿರುಗಿಸುತ್ತದೆ. ಡ್ಯಾಂಪರ್ ಎಣ್ಣೆಯನ್ನು ಕಿರಿದಾದ ದಾರಿಯಲ್ಲಿ ಹಾಯಿಸಿ ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ತೂಕಕ್ಕೆ ಸಾಲದ ಸ್ಪ್ರಿಂಗಿನ ಕೊರತೆಯನ್ನು ಕಂಪ್ರೆಷನ್ ಗುಂಡಿ ಬಿಗಿದು ತುಂಬಲಾಗದು. ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರೀಲೋಡ್ ಬಗೆಗೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಇಂಚಿಗೆ 100 ಪೌಂಡ್ ಬಲದ ಸ್ಪ್ರಿಂಗನ್ನು ಉಂಗುರ ತಿರುಗಿಸಿ ಒಂದು ಇಂಚು ಮೊದಲೇ ಅದುಮಿಟ್ಟರೆ ಅದು 100 ಪೌಂಡ್ ಬಲ ಬೀಳುವವರೆಗೆ ಕದಲುವುದಿಲ್ಲ; ಕದಲಿದ ಮೇಲೆ ಮತ್ತೆ ಇಂಚಿಗೆ 100 ಪೌಂಡಿನ ಲೆಕ್ಕದಲ್ಲೇ ಕುಗ್ಗುತ್ತದೆ. ವಾಹನ ನಿಲ್ಲುವ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗ್ ಗಡುಸಾಗುವುದಿಲ್ಲ. ಉಂಗುರವನ್ನು ತಿರುಗಿಸಿ ತಿರುಗಿಸಿ ಎಳೆಗಳ ಕೊನೆಗೆ ತಂದರೂ ವಾಹನ ಕುಸಿದೇ ನಿಲ್ಲುತ್ತಿದ್ದರೆ, ಆ ಸವಾರರಿಗೆ ಬೇಕಾದದ್ದು ಇನ್ನೊಂದು ಸ್ಪ್ರಿಂಗ್.

ನಾಲ್ಕು ಷಾಕ್‌ಗಳಲ್ಲಿ ಎರಡು ಸ್ಕೀಗಳಿಗೆ, ಎರಡು ಟ್ರ್ಯಾಕಿನೊಳಗೆ ಅದನ್ನು ಹಿಡಿದಿಡುವ ಸ್ಕಿಡ್ ಎಂಬ ಚೌಕಟ್ಟಿಗೆ ಸೇರಿದವು. ಇವುಗಳಲ್ಲಿ ಅತಿ ಕಡಿಮೆ ಗಮನ ಸಿಗುವುದು ಸ್ಕಿಡ್ಡಿನ ಮುಂಭಾಗದ ಷಾಕಿಗೆ. ನಮ್ಮ ಅನುಭವದಲ್ಲಿ ವಾಹನದ ನಡತೆಯನ್ನು ಅತಿ ಹೆಚ್ಚು ಬದಲಿಸುವುದೂ ಅದೇ. ಅದು ಮೆದುವಾಗಿದ್ದರೆ ವಾಹನದ ಮೂಗು ತಗ್ಗಿ ಭಾರ ಸ್ಕೀಗಳ ಮೇಲೆ ಬೀಳುತ್ತದೆ, ಹ್ಯಾಂಡಲ್ ತಿರುಗಿಸಲು ತೋಳು ಸೋಲುತ್ತದೆ. ಗಡುಸಾಗಿದ್ದರೆ ಭಾರವನ್ನು ಟ್ರ್ಯಾಕೇ ಹೊತ್ತುಕೊಂಡು ಸ್ಕೀಗಳು ಹಗುರವಾಗುತ್ತವೆ. ಅದು ಅತಿಯಾದರೆ ತಿರುವಿನಲ್ಲಿ ಸ್ಕೀ ಹಿಮವನ್ನು ಹಿಡಿಯುವುದಿಲ್ಲ, ಕಡಿದಾದ ಏರಿನಲ್ಲಿ ಮುಂಭಾಗ ಮೇಲೇಳುತ್ತದೆ. ಹ್ಯಾಂಡಲ್ ಭಾರವೆಂದು ಸ್ಕೀ ಷಾಕ್‌ಗಳನ್ನು ಬದಲಿಸಲು ಬಂದ ಎಷ್ಟೋ ಗ್ರಾಹಕರಿಗೆ ನಡುವಿನ ಈ ಒಂದು ಸ್ಪ್ರಿಂಗಿನ ಪ್ರೀಲೋಡ್ ಹೆಚ್ಚಿಸಿಕೊಟ್ಟು, ಏನನ್ನೂ ಕೊಳ್ಳದೆ ಹಿಂದಿರುಗುವಂತೆ ಮಾಡಿದ್ದೇವೆ. ಹಿಂದಿನ ಷಾಕ್ ಎಷ್ಟು ಮೆದುವೋ ವೇಗ ಹೆಚ್ಚಿಸಿದಾಗ ಹಿಂಭಾಗ ಅಷ್ಟು ಕುಳಿತು ಮುಂಭಾಗ ಹಗುರವಾಗುತ್ತದೆ. ಸ್ಕಿಡ್ಡಿನ ಮುಂತುದಿ ಎಷ್ಟು ಕೆಳಗಿಳಿಯಬಹುದೆಂಬುದನ್ನು ಲಿಮಿಟರ್ ಪಟ್ಟಿ ನಿರ್ಧರಿಸುತ್ತದೆ: ಅದನ್ನು ಗಿಡ್ಡ ಮಾಡಿದರೆ ಏರಿನಲ್ಲಿ ಸ್ಕೀಗಳು ಕೆಳಗೇ ಉಳಿಯುತ್ತವೆ. ಷಾಕ್ ಕೊಳ್ಳುವ ಮೊದಲು ಈ ಪಟ್ಟಿಯ ತೂತುಗಳಲ್ಲಿ ಒಂದನ್ನು ಬದಲಿಸಿ ನೋಡುವಂತೆ ನಾವು ಯಾವಾಗಲೂ ಕೇಳಿಕೊಳ್ಳುತ್ತೇವೆ.

ಎರಡನೆಯ ಬದಲಾವಣೆ ಲೋಹದ ಸ್ಪ್ರಿಂಗಿನ ಬದಲು ಒತ್ತಿದ ಗಾಳಿಯೇ ತೂಕ ಹೊರುವ ಗಾಳಿ ಷಾಕ್‌ಗಳಿಗೆ ಸಂಬಂಧಿಸಿದ್ದು. ಇದುವರೆಗೆ ಬೆಟ್ಟದ ವಾಹನವೆಂದರೆ ನಾಲ್ಕೂ ಕಡೆ ಗಾಳಿ ಷಾಕನ್ನೇ ಮೊದಲು ಸೂಚಿಸುತ್ತಿದ್ದೆವು. ಇನ್ನು ಮೇಲೆ ಸ್ಕಿಡ್ಡಿನ ಎರಡು ಸ್ಥಾನಗಳಿಗೆ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಇರುವ ಷಾಕನ್ನು ಸೂಚಿಸುತ್ತೇವೆ; ಸ್ಕೀಗಳಿಗೆ ಗಾಳಿಯೋ ಕಾಯಿಲ್ಲೋ ಎಂಬುದನ್ನು ತಮ್ಮ ಆಯ್ಕೆಗೆ ಬಿಡುತ್ತೇವೆ. ಗಾಳಿ ಷಾಕಿನ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಹಗುರ, ಪಂಪೊಂದಿದ್ದರೆ ಬೇರೆ ತೂಕದ ಸವಾರರಿಗೂ ಹೊಂದಿಸಬಹುದು, ಕುಗ್ಗುತ್ತ ಹೋದಂತೆ ಅದರ ಬಲ ತೀವ್ರವಾಗಿ ಏರುವುದರಿಂದ ತಳ ಬಡಿಯುವುದು ಅಪರೂಪ. ಆದರೆ ಗಾಳಿಯನ್ನು ತಡೆಯುವ ಸೀಲುಗಳ ಹಿಡಿತದಿಂದ ಸಣ್ಣ ಉಬ್ಬುಗಳಿಗೆ ಅದು ಕಾಯಿಲ್ಲಿನಷ್ಟು ಸಲೀಸಾಗಿ ಸ್ಪಂದಿಸುವುದಿಲ್ಲ. ಸತತ ಕೆಲಸದಿಂದ ಬಿಸಿಯಾದಾಗ ಒತ್ತಡ ಏರಿ ಬೆಳಗಿನ ಹೊಂದಾಣಿಕೆ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ದೂರದ ಕಣಿವೆಯಲ್ಲಿ ಒಂದು ಸೀಲು ಸೋರಿದರೂ ಆ ಮೂಲೆ ಕುಸಿದ ವಾಹನವನ್ನು ಹಾಗೆಯೇ ಓಡಿಸಿಕೊಂಡು ಬರಬೇಕಾಗುತ್ತದೆ.

ಗಾಳಿ ಷಾಕ್ ಈಗಾಗಲೇ ಇರುವವರು ಒಂದು ಲೆಕ್ಕವನ್ನು ದಯವಿಟ್ಟು ನೆನಪಿಡಬೇಕು. 20 ಡಿಗ್ರಿ ಸೆಲ್ಸಿಯಸ್ ಇರುವ ಬೆಚ್ಚನೆಯ ಗ್ಯಾರೇಜಿನಲ್ಲಿ 70 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ ತುಂಬಿದ ಷಾಕ್, ಮೈನಸ್ 20 ಡಿಗ್ರಿಯ ಹೊರಾಂಗಣದಲ್ಲಿ ತಣಿದ ಮೇಲೆ ಸುಮಾರು 58 ಪಿಎಸ್‌ಐ ತೋರಿಸುತ್ತದೆ. ಸೋರಿಕೆಯೇನೂ ಆಗಿರುವುದಿಲ್ಲ, ಗಾಳಿ ಕುಗ್ಗಿರುತ್ತದೆ ಅಷ್ಟೆ. ಸಮುದ್ರಮಟ್ಟದಲ್ಲಿ ತುಂಬಿ 3000 ಮೀಟರ್ ಎತ್ತರಕ್ಕೆ ಒಯ್ದರೆ ಹೊರಗಿನ ಒತ್ತಡ ಇಳಿದಿರುವುದರಿಂದ ಮಾಪಕ 4ರಿಂದ 5 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಆದರೆ ಚಳಿಯಿಂದಾದ ಇಳಿತವನ್ನು ತುಂಬಲು ಅದು ಸಾಲದು. ಆದ್ದರಿಂದ ಒತ್ತಡವನ್ನು ಓಡಿಸುವ ಜಾಗದಲ್ಲೇ, ವಾಹನ ಹೊರಗೆ ಚೆನ್ನಾಗಿ ತಣಿದ ಮೇಲೆ, ಷಾಕ್ ಪೂರ್ತಿ ಚಾಚಿಕೊಂಡಿರುವಾಗ ಹೊಂದಿಸಬೇಕು. ಎರಡು ಕೋಣೆಗಳಿರುವ ಷಾಕಿನಲ್ಲಿ ಮುಖ್ಯ ಕೋಣೆಯನ್ನು ಮೊದಲು, ಹೆಚ್ಚುವರಿ ಕೋಣೆಯನ್ನು ಅನಂತರ ತುಂಬಬೇಕು. ಮತ್ತೆ ಪಂಪ್ ಜೋಡಿಸಿ ನೋಡಿದಾಗ ಒತ್ತಡ ಕಡಿಮೆ ಕಂಡರೆ ಗಾಬರಿ ಬೇಡ. ಒಂದಷ್ಟು ಗಾಳಿ ಪಂಪಿನ ಕೊಳವೆಗೆ ಹೋಗಿರುತ್ತದೆ.

ಹೊಸ ಷಾಕ್‌ಗಳ ಜೊತೆಗೆ ಆರಂಭದ ಹೊಂದಾಣಿಕೆಯನ್ನು ಬರೆದ ಒಂದು ಚೀಟಿ ಬರುತ್ತದೆ. ಅದರಲ್ಲಿನ ಕ್ಲಿಕ್‌ಗಳ ಸಂಖ್ಯೆಯನ್ನು ಗುಂಡಿ ಪೂರ್ತಿ ಮುಚ್ಚಿದ ಸ್ಥಿತಿಯಿಂದ ಹೊರಕ್ಕೆ ಎಣಿಸಬೇಕು. ಮುಚ್ಚುವಾಗ ಗುಂಡಿ ತಾನಾಗಿ ನಿಂತಲ್ಲಿಗೆ ಸಾಕು, ಬಲ ಹಾಕಬಾರದು. ಚಳಿಯಲ್ಲಿ ಎಣ್ಣೆ ಮಂದವಾಗಿರುವುದರಿಂದ ಮೊದಲ ಹತ್ತು ಹದಿನೈದು ನಿಮಿಷ ಯಾವ ಷಾಕಾದರೂ ಬಿಗಿಯಾಗಿಯೇ ಇರುತ್ತದೆ. ಅಷ್ಟರಲ್ಲೇ ಗುಂಡಿಗಳನ್ನು ತಿರುಗಿಸಬಾರದು. ಆಮೇಲೆ ಒಂದು ಸಲಕ್ಕೆ ಒಂದೇ ಗುಂಡಿಯನ್ನು ಎರಡು ಕ್ಲಿಕ್‌ನಷ್ಟು ಬದಲಿಸಿ ಅದೇ ದಾರಿಯಲ್ಲಿ ಮತ್ತೆ ಓಡಿಸಿ ನೋಡಬೇಕು. ಕಡಿಮೆ ವೇಗದ ಕಂಪ್ರೆಷನ್, ಹೆಚ್ಚು ವೇಗದ ಕಂಪ್ರೆಷನ್ ಎಂಬ ಮಾತುಗಳು ಷಾಕಿನ ದಂಡ ಚಲಿಸುವ ವೇಗವನ್ನು ಹೇಳುತ್ತವೆ, ವಾಹನದ ವೇಗವನ್ನಲ್ಲ: ನಿಧಾನವಾಗಿ ಹೋಗುತ್ತಿದ್ದರೂ ಹೂತ ಮರದ ಬೊಡ್ಡೆಗೆ ಸ್ಕೀ ಬಡಿದರೆ ಅದು ಹೆಚ್ಚು ವೇಗದ ಪೆಟ್ಟೇ. ಸಾಲು ಉಬ್ಬುಗಳ ಮೇಲೆ ವಾಹನ ಒಂದೊಂದಕ್ಕೂ ತಗ್ಗುತ್ತ ಗಡುಸಾಗುತ್ತ ಹೋದರೆ ರೀಬೌಂಡ್ (ಕುಗ್ಗಿದ ಷಾಕ್ ಮತ್ತೆ ಚಾಚಿಕೊಳ್ಳುವುದು) ಅತಿ ನಿಧಾನವಾಗಿದೆಯೆಂದೂ, ಉಬ್ಬು ದಾಟಿದೊಡನೆ ಹಿಂಭಾಗ ಒದ್ದಂತೆ ಚಿಮ್ಮಿದರೆ ಅತಿ ಚುರುಕಾಗಿದೆಯೆಂದೂ ತಿಳಿಯಬೇಕು. ದಂಡದ ಮೇಲೆ ಕಪ್ಪು ರಬ್ಬರ್ ಉಂಗುರವೊಂದನ್ನು ಹಾಕಿ ಕಳಿಸುತ್ತಿದ್ದೇವೆ. ಬೆಳಿಗ್ಗೆ ಅದನ್ನು ಸೀಲಿಗೆ ಒತ್ತಿಟ್ಟು, ಸಂಜೆ ದಂಡದ ಹಿಮ ಒರೆಸಿ ಉಂಗುರ ಎಲ್ಲಿಗೆ ಸರಿದಿದೆ ನೋಡಿದರೆ ಆ ದಿನ ಷಾಕ್ ಎಷ್ಟು ಕುಗ್ಗಿತೆಂಬುದು ಅಳತೆಯಾಗಿ ಸಿಗುತ್ತದೆ. ದಿನದ ಅತಿ ದೊಡ್ಡ ಪೆಟ್ಟಿಗೆ ಉಂಗುರ ತುದಿಯ ಹತ್ತಿರ ಬಂದಿರಬೇಕು. ಪ್ರತಿದಿನವೂ ಅರ್ಧದಲ್ಲೇ ನಿಲ್ಲುತ್ತಿದ್ದರೆ ಷಾಕ್ ತಮಗೆ ಗಡುಸಾಗಿದೆ.

ಹಳೆಯ ಷಾಕ್‌ಗಳ ಬಗ್ಗೆಯೂ ಒಂದು ಮಾತು. ಕಾರ್ಖಾನೆಯಿಂದ ಬಂದ ಷಾಕ್ ಎರಡು ಮೂರು ಋತುಗಳಲ್ಲಿ ಸತ್ವ ಕಳೆದುಕೊಂಡಿದೆ ಎಂದು ಹೊಸದನ್ನು ಕೇಳುವವರು ಬಹಳ. ಅವುಗಳನ್ನು ಬಿಚ್ಚಿದಾಗ ಬೂದು ಬಣ್ಣಕ್ಕೆ ತಿರುಗಿದ, ಲೋಹದ ಸಣ್ಣ ಮಿನುಗು ತೇಲುವ ಎಣ್ಣೆ ಸುರಿಯುತ್ತದೆ. ಎಣ್ಣೆ, ಸೀಲು ಮತ್ತು ಒಳಗೆ ತುಂಬಿರುವ ನೈಟ್ರೋಜನ್ ಅನಿಲ ಹೊಸದಾದರೆ ಅವುಗಳಲ್ಲಿ ಹಲವು ಮತ್ತೆ ಸರಿಯಾಗಿ ಕೆಲಸ ಮಾಡುತ್ತವೆ. ಎಣ್ಣೆಯೂ ಅನಿಲವೂ ಒಂದೇ ಕೋಣೆಯಲ್ಲಿ ಬೆರೆಯುವ ಅಗ್ಗದ ಬಗೆಯವು ಮಾತ್ರ ಸತತ ಪೆಟ್ಟಿಗೆ ನೊರೆಗಟ್ಟಿ ಹಿಡಿತ ಕಳೆದುಕೊಳ್ಳುತ್ತವೆ. ಅಂಥಲ್ಲಿ ಎಣ್ಣೆಯನ್ನೂ ಅನಿಲವನ್ನೂ ತೇಲು ಪಿಸ್ಟನ್ ಬೇರ್ಪಡಿಸುವ ಷಾಕ್ ಕೊಳ್ಳುವುದಕ್ಕೆ ಅರ್ಥವಿದೆ. ಆದ್ದರಿಂದ ಹೊಸ ಸೆಟ್ಟಿಗೆ ಬೇಡಿಕೆ ಬಂದಾಗ ಹಳೆಯದರ ಸ್ಥಿತಿಯನ್ನೂ ಕೇಳುತ್ತೇವೆ, ದುರಸ್ತಿ ಸಾಕೆನಿಸಿದರೆ ಹಾಗೆಂದೇ ತಿಳಿಸುತ್ತೇವೆ. ನೈಟ್ರೋಜನ್ ತುಂಬಿದ ಡ್ಯಾಂಪರನ್ನು ಮನೆಯಲ್ಲಿ ಬಿಚ್ಚುವ ಪ್ರಯತ್ನವನ್ನು ಯಾರೂ ಮಾಡಬಾರದು. ಒಳಗಿನ ಒತ್ತಡ ಬಿಡಿಭಾಗಗಳನ್ನು ಮುಖಕ್ಕೆ ಎರಚುವಷ್ಟು ಇರುತ್ತದೆ.

ಹೊಸ ಪದ್ಧತಿಯಲ್ಲಿ ಬೇಡಿಕೆ ಸಲ್ಲಿಸುವವರು ಈ ಪತ್ರದೊಂದಿಗಿರುವ ನಮೂನೆಯನ್ನು ತುಂಬಿ ಕಳಿಸಬೇಕು. ತೂಕವನ್ನು ಅಂದಾಜಿನಲ್ಲಿ ಬರೆಯದೆ, ಬೂಟು, ಹೆಲ್ಮೆಟ್, ಬೆನ್ನಚೀಲ ಸಹಿತ ತಕ್ಕಡಿಯ ಮೇಲೆ ನಿಂತು ನೋಡಿ ಬರೆಯಬೇಕೆಂದು ಕೋರುತ್ತೇವೆ. ಹಿಂಭಾಗದ ಕುಸಿತವನ್ನು ಅಳೆಯಲು ಇಬ್ಬರು ಬೇಕು: ಹಿಂದಿನ ಬಂಪರನ್ನು ಎತ್ತಿ ಸ್ಕಿಡ್ ಪೂರ್ತಿ ಚಾಚಿಕೊಂಡಾಗ ನೆಲದಿಂದ ಬಂಪರಿನ ಎತ್ತರವೊಂದು, ಸವಾರರು ಪೂರ್ತಿ ಉಡುಪಿನಲ್ಲಿ ಹಲಗೆಗಳ ಮೇಲೆ ನಿಂತು ಎರಡು ಸಲ ಅದುಮಿ ಬಿಟ್ಟ ಮೇಲಿನ ಎತ್ತರ ಇನ್ನೊಂದು. ಇವೆರಡರ ವ್ಯತ್ಯಾಸ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಬರುವಂತೆ ನಾವು ಸ್ಪ್ರಿಂಗ್ ಆರಿಸುತ್ತೇವೆ. ಒಂದೇ ವಾಹನವನ್ನು ಇಬ್ಬರು ಓಡಿಸುವುದಾದರೆ ಇಬ್ಬರ ವಿವರವನ್ನೂ ಬರೆದು, ಹೆಚ್ಚು ಓಡಿಸುವವರು ಯಾರೆಂದು ಗುರುತಿಸಬೇಕು. ಆಳವಾದ ಪುಡಿ ಹಿಮವೋ, ಮರಗಳ ನಡುವಿನ ಇಕ್ಕಟ್ಟಾದ ದಾರಿಯೋ, ಬೆಟ್ಟ ತಲುಪುವ ಮೊದಲು ಗಟ್ಟಿ ಉಬ್ಬುಗಳ ಉದ್ದದ ಹಾದಿಯೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಕೊನೆಯದಿದ್ದರೆ ವಾಲ್ವಿನ ಜೋಡಣೆಯೇ ಬೇರೆಯಾಗುತ್ತದೆ.

ನಮೂನೆ ಕೈಸೇರಿದ ಮೇಲೆ ಷಾಕ್ ಸಿದ್ಧವಾಗಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಹಿಮ ಬಿದ್ದ ಮೇಲೆ ಬಂದ ಬೇಡಿಕೆಗಳು ಸರದಿಯಲ್ಲಿ ಹಿಂದುಳಿಯುವುದರಿಂದ ಮೊದಲೇ ಕಳಿಸುವುದು ಒಳ್ಳೆಯದು. ಹೊಸ ಷಾಕ್‌ಗಳನ್ನು ಕನಿಷ್ಠ ನಾಲ್ಕು ದಿನ ಓಡಿಸಿದ ಮೇಲೂ ಹೊಂದಿಕೆಯಾಗದಿದ್ದರೆ, ಉಂಗುರದ ಅಳತೆ ಮತ್ತು ಕ್ಲಿಕ್‌ಗಳ ಸಂಖ್ಯೆಯನ್ನು ಬರೆದು ಹಿಂದಿರುಗಿಸಿದಲ್ಲಿ ಮೊದಲ ಋತುವಿನೊಳಗೆ ಒಂದು ಸಲ ಸ್ಪ್ರಿಂಗನ್ನೋ ವಾಲ್ವನ್ನೋ ಶುಲ್ಕವಿಲ್ಲದೆ ಬದಲಿಸಿ ಕೊಡುತ್ತೇವೆ. ಹಳೆಯ ಪದ್ಧತಿಯಲ್ಲಿ ಕಳೆದ ಋತುವಿನಲ್ಲಿ ಸೆಟ್ ಕೊಂಡವರಿಗೂ ಈ ಸೌಲಭ್ಯ ಅನ್ವಯಿಸುತ್ತದೆ. ಅವರು ನಮೂನೆಯ ಮೇಲ್ಭಾಗದಲ್ಲಿ ಹಳೆಯ ಬೇಡಿಕೆಯ ಸಂಖ್ಯೆಯನ್ನು ಬರೆದರೆ ಸಾಕು.

ತಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಸದಸ್ಯರ ಪರವಾಗಿ,
ಷಾಕ್ ಜೋಡಣೆ ಮತ್ತು ದುರಸ್ತಿ ವಿಭಾಗ