ಹದಿನೇಳೇಳು ಎಷ್ಟು?

ಕಳೆದ ಭಾನುವಾರ ನಮ್ಮ ಕಾಸರಗೋಡಿನ ಪೊಸಡಿಗುಂಪೆ ಹತ್ತಿದೆ. ಆ ಊರಿನ ಮಕ್ಕಳು ಚಪ್ಪಲಿಯಲ್ಲೇ ಓಡಿ ಹತ್ತುವ ಗುಡ್ಡೆ ಅದು. ನನಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಹೋಗಿ ಪಡುವಣದ ಸಮುದ್ರದ ಗೆರೆಯನ್ನೂ ಮೂಡಣದ ಘಟ್ಟದ ಸಾಲನ್ನೂ ನೋಡಿ, ಊರುಗೋಲನ್ನು ಹುಲ್ಲಿನ ಮೇಲೆ ಮಲಗಿಸಿ, ನನ್ನ ಕಾಲಿನ ಮೇಲೆ ನಾನೇ ಹತ್ತು ನಿಮಿಷ ನಿಂತೆ. ಎಂಟು ಬೆರಳುಗಳ ಮೇಲೆ ಎಂದರೆ ಲೆಕ್ಕ ಸರಿಯಾದೀತು. ಗಣಿತದ ಟೀಚರ್ ತಾನೇ.

"ಒಮ್ಮೆ ನೆಟ್ಟಗೆ ನಡೆಯುವಂತಾಗಲಿ, ಆಮೇಲೆ ಎಲ್ಲರಿಗೂ ಬರೆಯುತ್ತೇನೆ" ಎಂದು ಹತ್ತು ತಿಂಗಳಿಂದ ಮುಂದೂಡುತ್ತಾ ಬಂದಿದ್ದೆ. ಇನ್ನು ನೆಪ ಉಳಿದಿಲ್ಲ.

ಆದದ್ದೇನು ಎಂಬುದು ನಿಮಗೆಲ್ಲ ಗೊತ್ತು: ಹಿಮದ ಬೆಟ್ಟ ಹತ್ತಲು ಹೋಗಿ, ಎತ್ತರದಲ್ಲಿ ಶ್ವಾಸಕೋಶ ಕೆಟ್ಟು, ಚಳಿಗೆ ಕಾಲಿನ ಎರಡು ಬೆರಳು ಕಳೆದುಕೊಂಡು ಬಂದೆ. ಕುಂಬಳೆ ಪೇಟೆಯಲ್ಲಿ ಆ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ಅವರ ಕಥೆಯಲ್ಲಿ ಹೆಲಿಕಾಪ್ಟರ್ ಕೂಡ ಬರುತ್ತದೆ. ಹಾಗಾಗಿ ಶ್ವಾಸಕೋಶ, ಬೆರಳು, ಆಸ್ಪತ್ರೆ ಇವನ್ನೆಲ್ಲ ಇಲ್ಲಿ ಮತ್ತೆ ಹರಡುವುದಿಲ್ಲ.

ಶಾರ್ಜಾದಿಂದ ಹಣ ಕಳುಹಿಸಿ "ಹಿಂದೆ ಕೊಡುವ ಮಾತೆತ್ತಬೇಡ" ಎಂದ ತಮ್ಮ, ನನ್ನ ತರಗತಿಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡ ಸಹೋದ್ಯೋಗಿಗಳು, ವಾರಕ್ಕೆರಡು ಸಲ ತಲಪಾಡಿಯ ರಾಜ್ಯ ಗಡಿ ದಾಟಿಸಿ ಮಂಗಳೂರಿಗೆ ಕರೆದೊಯ್ದು ಪೆಟ್ರೋಲಿನ ದುಡ್ಡಷ್ಟೇ ತೆಗೆದುಕೊಂಡ ನೆರೆಮನೆಯ ಇಚ್ಚ, ಮಂಗಳೂರಿನ ವೈದ್ಯರು ಮತ್ತು ನರ್ಸ್‌ಗಳು, ಕಿರ್ಗಿಸ್ತಾನದ ಓಶ್ ನಗರದ ಆಸ್ಪತ್ರೆಯಲ್ಲಿ ನನಗೆ ತಿಳಿಯದ ಭಾಷೆಯಲ್ಲಿ ಬೈದು ಬೈದು ಸೂಪು ಕುಡಿಸಿದ ಅಜ್ಜಿ, ಮಧೂರಿಗೆ ಹರಕೆ ಹೊತ್ತು ನನಗೆ ಹೇಳದೆ ತೀರಿಸಿಯೂ ಬಂದ ಅಮ್ಮ, ಎಲ್ಲರಿಗೂ ಕೈಮುಗಿಯುತ್ತೇನೆ. 2020ರಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳು ನಮಗೆ ಎಷ್ಟು ದೂರವಾಗಿದ್ದವು ಎಂಬುದನ್ನು ಕಂಡವಳು ನಾನು. ತಲಪಾಡಿಯಲ್ಲಿ ಕಾರು ತಡೆಯಿಲ್ಲದೆ ದಾಟಿದಾಗಲೆಲ್ಲ ಅದೂ ಒಂದು ಉಪಕಾರವೇ ಅನ್ನಿಸುತ್ತಿತ್ತು. ವಿಮೆಯವರ ಬಗ್ಗೆ ಕೃತಜ್ಞತೆಯ ಬರಹದಲ್ಲಿ ಏನೂ ಹೇಳದಿರುವುದೇ ಲೇಸು.

ಇನ್ನು, ಬೆಟ್ಟದಲ್ಲಿ ನನ್ನ ಜೊತೆಗಿದ್ದ ಅಕ್ಕನ ವಿಷಯ. ತಮ್ಮ ಹೆಸರು ಬರೆಯಕೂಡದು ಎಂದಿದ್ದಾರೆ, ಬರೆಯುವುದಿಲ್ಲ. ಅಕ್ಕಲಕೋಟೆಯ ಕಡೆಯವರು, ಅಂಚೆ ಕಚೇರಿಯಲ್ಲಿ ಕೆಲಸ, ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ನಮ್ಮ ಪರಿಚಯವಾದದ್ದು ಗುಲ್ಮಾರ್ಗಿನಲ್ಲಿ, ಸ್ಕೀ ಕಲಿಯುವವರ ಮೊದಲ ಸಾಲಿನಲ್ಲಿ. ತರಬೇತುದಾರರು ರಾಜ್ಯ ಕೇಳಿದಾಗ ನಾನು ಕೇರಳ ಎಂದೆ, ಅವರು ಮಹಾರಾಷ್ಟ್ರ ಎಂದರು. ಎರಡು ದಿನ ಹರಕುಮುರುಕು ಹಿಂದಿಯಲ್ಲೇ ಮಾತಾಡಿದೆವು. ಮೂರನೆಯ ದಿನ ಅವರು ನನ್ನ ಎದುರೇ ಬೆನ್ನಡಿಯಾಗಿ ಬಿದ್ದು "ಅಯ್ಯೋ ಶಿವನೇ!" ಎಂದಾಗ ನನ್ನ ಕಿವಿ ನಿಮಿರಿತು. ಎದ್ದು ಕುಳಿತು ಹಿಮ ಕೊಡವಿಕೊಳ್ಳುತ್ತಾ ಕೇಳಿದರು: "ಕನ್ನಡದವಳು ಕೇರಳದಲ್ಲಿ ಏನು ಮಾಡುತ್ತೀ?" ನಾನೂ ಅದನ್ನೇ ತಿರುಗಿಸಿ ಕೇಳಿದೆ. ಅಂದಿನಿಂದ ನಾನು ಅವರಿಗೆ ತಂಗಿ.

ನಮ್ಮೂರಲ್ಲಿ ಹಲವರು ಕೇಳಿದ್ದರಿಂದ ಒಂದು ಮಾತು. ಸ್ಕೀ ಎಂದರೆ ಜಾರುವುದಷ್ಟೇ ಅಲ್ಲ. ಸ್ಕೀ ಟೂರಿಂಗಿನಲ್ಲಿ ಜಾರುವ ಸುಖ ಒಂದು ಪಾಲಾದರೆ ಹತ್ತುವ ದುಡಿಮೆ ಒಂಬತ್ತು ಪಾಲು. ಹಲಗೆಯ ತಳಕ್ಕೆ ಉದ್ದನೆಯ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು, ಆದ್ದರಿಂದ ಇಂದಿಗೂ ಅದರ ಹೆಸರು ಸ್ಕಿನ್. ಈಗಿನದು ಅಂಗೋರಾ ಮೇಕೆಯ ಕೂದಲು ಅಥವಾ ನೈಲಾನ್. ಅದರ ರೋಮವೆಲ್ಲ ಹಿಂದಕ್ಕೆ ಮಲಗಿರುತ್ತದೆ. ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಸರಿಯಹೋದರೆ ರೋಮ ನಿಮಿರಿ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಸವರಿ ನೋಡಿ, ತಿಳಿಯುತ್ತದೆ. ಹತ್ತುವಾಗ ಬೂಟಿನ ತುದಿ ಮಾತ್ರ ಹಲಗೆಗೆ ಕಚ್ಚಿಕೊಂಡು ಹಿಮ್ಮಡಿ ಬಿಡುವಾಗಿರುತ್ತದೆ. ಮೇಲೆ ಮುಟ್ಟಿದ ಮೇಲೆ ಪಟ್ಟಿ ಕಿತ್ತು, ಅಂಟು ಹೆಪ್ಪುಗಟ್ಟದಂತೆ ಜಾಕೆಟ್ಟಿನೊಳಗೆ ಸೇರಿಸಿ, ಹಿಮ್ಮಡಿಯನ್ನೂ ಬಿಗಿದು ಇಳಿಯುವುದು. ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡೆ ಜಾರಿ ಬೆಳೆದವಳಿಗೆ ಈ ಇಳಿಯುವ ಭಾಗ ಅಷ್ಟೇನೂ ಹೊಸದಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹಾಳೆಯ ಮೇಲೆ ಯಾರೂ ತಿರುಗಿ ನಿಲ್ಲಬೇಕಾಗಿರಲಿಲ್ಲ ಎಂಬುದನ್ನು ಗುಲ್ಮಾರ್ಗ್ ನಾಲ್ಕು ಚಳಿಗಾಲ ಕಲಿಸಿತು.

ನಾವು ಹೋದದ್ದು ಮಧ್ಯ ಏಷ್ಯಾದ ಪಾಮಿರ್ ಪರ್ವತಗಳ ಲೆನಿನ್ ಶಿಖರಕ್ಕೆ. ಎತ್ತರ 7134 ಮೀಟರ್. ಕಿರ್ಗಿಸ್ತಾನ, ತಜಿಕಿಸ್ತಾನಗಳ ಗಡಿ ಅದರ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ತಜಿಕರು ಅದನ್ನು ಹಿಂದಿನ ಕಾಲದ ವೈದ್ಯ ಪಂಡಿತ ಅಬು ಅಲಿ ಇಬ್ನ್ ಸೀನಾನ ಹೆಸರಿನಿಂದ ಕರೆಯುತ್ತಾರೆ. ಒಂದೇ ಬೆಟ್ಟಕ್ಕೆ ಆಚೆಯವರದೊಂದು ಹೆಸರು, ಈಚೆಯವರದೊಂದು ಹೆಸರು ಎಂದು ಗೈಡ್ ಬೆರಗಿನಿಂದ ಹೇಳಿದಾಗ ಅಕ್ಕ, ನಾನು ಮುಖ ಮುಖ ನೋಡಿಕೊಂಡು ನಕ್ಕೆವು. ಮಂಜೇಶ್ವರದಲ್ಲಿ ಇಳಿದು ಮಂಜೇಶ್ವರಂ ಎಂಬ ಫಲಕ ಓದಿ ಬೆಳೆದವರಿಗೆ ಇದೇನು ದೊಡ್ಡ ಸಂಗತಿ? ಏಳು ಸಾವಿರ ಮೀಟರ್ ದಾಟಿದ ಶಿಖರಗಳಲ್ಲಿ ಇದು ಸುಲಭದ್ದು ಎಂಬ ಖ್ಯಾತಿ ಇದೆ. ಅದೇ ಸುಲಭದ ಬೆಟ್ಟದಲ್ಲಿ 1974ರಲ್ಲಿ ಎಂಟು ಮಂದಿ ಸೋವಿಯತ್ ಮಹಿಳೆಯರು ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು. 1990ರಲ್ಲಿ ಭೂಕಂಪದಿಂದ ಕುಸಿದ ಹಿಮ ಒಂದೇ ಶಿಬಿರದಲ್ಲಿ 43 ಜನರನ್ನು ಹೂತುಹಾಕಿತು.

ಅಕ್ಕನಿಗೆ ಇದು ಎರಡನೆಯ ಸಲ. ಮೊದಲ ಸಲ ಹವಾಮಾನ ಬಿಡಲಿಲ್ಲ. ಮತ್ತೆ ಬರಲು ತಮ್ಮದೇ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ಕಟ್ಟಿ, ಅದು ಮುಗಿದ ವರ್ಷವೇ ಹೊರಟು ಬಂದಿದ್ದರು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಪ್ರತಿದಿನ ಬೆಳಿಗ್ಗೆ ಗೈಡ್ ಒಬ್ಬೊಬ್ಬರನ್ನೂ ಕೇಳುತ್ತಿದ್ದರು: ತಲೆನೋವಿದೆಯೇ, ಹಸಿವಾಗುತ್ತದೆಯೇ, ನಿದ್ದೆ ಬಂತೇ, ಕೆಮ್ಮು ಇದೆಯೇ. ಒಮ್ಮೆ ಎರಡನೆಯ ಶಿಬಿರದವರೆಗೆ ಹತ್ತಿ, ಕೆಳಗಿಳಿದು ಸುಧಾರಿಸಿಕೊಂಡು, ಮತ್ತೆ ಮೇಲೆ ಹೊರಟ ಆ ದಿನ ನಾನು ಎಲ್ಲಕ್ಕೂ "ತೊಂದರೆಯಿಲ್ಲ" ಎಂದೆ. ಹಿಂದಿನ ರಾತ್ರಿಯಿಂದ ಒಣಕೆಮ್ಮು ಇತ್ತು. ಬೂಟಿನ ಒಳಪದರ ಒದ್ದೆಯಾಗಿತ್ತು. ಮಾತ್ರೆ ನುಂಗುವುದನ್ನು ಅಕ್ಕ ನೋಡಿಬಿಟ್ಟರು. "ಹೇಳಿಬಿಡು ತಂಗಿ" ಎಂದರು. "ಇಂದೊಂದು ದಿನ ಅಕ್ಕ, ನಾಳೆ ನಾನೇ ಹೇಳುತ್ತೇನೆ" ಎಂದು ಅವರ ಕೈ ಹಿಡಿದು ಬೇಡಿಕೊಂಡೆ. ಅವರು ಸುಮ್ಮನಾದರು.

ಇದು ಪೇಟೆಯ ಕಥೆಯಲ್ಲಿ ಇಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ, ಈಗ ಓದಿ ತಿಳಿಯಲಿ. ದುರದೃಷ್ಟ, ಬೆಟ್ಟದ ಗಾಳಿ, ದೈವದ ಮುನಿಸು ಎಂದೆಲ್ಲ ನೀವು ಕನಿಕರಪಟ್ಟಾಗ ನಾನು ತಲೆಯಾಡಿಸುತ್ತಾ ಕುಳಿತಿದ್ದೆ. ಬೆಟ್ಟ ನನಗೆ ಏನೂ ಮಾಡಲಿಲ್ಲ. ಸುಳ್ಳು ಹೇಳಿದವಳು ನಾನು, ಆ ಸುಳ್ಳಿಗೆ ಇನ್ನೊಬ್ಬರನ್ನು ಪಾಲುದಾರರನ್ನಾಗಿ ಮಾಡಿದವಳೂ ನಾನು. ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಟೀಚರ್ ಇವಳು. ಬೆರಳು ಹೋದ ನೋವಿಗಿಂತ, ಹೋದದ್ದು ಎರಡೇ ಎಂದು ಒಳಗೊಳಗೆ ಸಮಾಧಾನಪಟ್ಟುಕೊಂಡೆನಲ್ಲ, ಆ ನೆನಪು ನನ್ನನ್ನು ರಾತ್ರಿ ಎಬ್ಬಿಸುತ್ತದೆ. ಅಕ್ಕನ ಪಾಲಿಗೆ ಏನಾಗುತ್ತಿತ್ತು, ನಾನು ಆ ಡೇರೆಯಲ್ಲೇ ಮುಗಿದಿದ್ದರೆ? ಜೀವಮಾನವಿಡೀ ಆ ಒಂದು ದಿನದ ಮೌನವನ್ನು ಅವರು ಹೊರಬೇಕಾಗುತ್ತಿತ್ತು. ಅದನ್ನು ಅವರ ತಲೆಗೆ ಕಟ್ಟಲು ನಾನು ತಯಾರಾಗಿದ್ದೆ, ಒಂದು ಬೆಟ್ಟದ ಆಸೆಗಾಗಿ.

ಸರಿ. ಆ ರಾತ್ರಿ.

ಎರಡನೆಯ ಶಿಬಿರ ಇರುವುದು 5300 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ನಮ್ಮ ಕುಂಬಳೆಯ ಕಡಲತೀರದಲ್ಲಿರುವುದರ ಸುಮಾರು ಅರ್ಧ. ಸಂಜೆಯಿಂದಲೇ ಬಿರುಗಾಳಿ. ಎಂಟು ಗಂಟೆಗೆ ನನ್ನ ಕೆಮ್ಮಿನ ಸದ್ದು ಬದಲಾದದ್ದನ್ನು ಅಕ್ಕ ಗಮನಿಸಿದರು. ಟಾರ್ಚಿನ ಬೆಳಕಿನಲ್ಲಿ ನನ್ನ ತುಟಿ ನೋಡಿ ಏನೂ ಹೇಳದೆ, "ಹದಿನೇಳರ ಮಗ್ಗಿ ಹೇಳು" ಎಂದರು. ನಾನು ನಕ್ಕು ಶುರುಮಾಡಿದೆ. ಹದಿನೇಳಾರು ನೂರ ಎರಡರವರೆಗೆ ಸರಿಯಾಗಿಯೇ ಬಂದೆನಂತೆ. "ಹದಿನೇಳೇಳು?" ನೂರ ಒಂಬತ್ತು ಎಂದೆ. "ಮತ್ತೊಮ್ಮೆ ಹೇಳು." ನೂರ ಒಂಬತ್ತು. ಹದಿನೈದು ವರ್ಷ ಗಣಿತ ಕಲಿಸಿದವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಕ್ಕ ಬೂಟು ಹಾಕಿಕೊಳ್ಳದೆ ಡೇರೆಯ ಜಿಪ್ ತೆರೆದು ಗೈಡನ್ನು ಕೂಗಿದರು. ನಿನ್ನೆಯಿಂದ ಕೆಮ್ಮಿತ್ತು, ನನಗೆ ಗೊತ್ತಿತ್ತು ಎಂದೂ ಆಗಲೇ ಹೇಳಿದರು. ನಾನು ಕೇಳಿಸಿಕೊಂಡೆ.

ಎತ್ತರಕ್ಕೆ ಹೋದವರನ್ನು ಹಿಡಿಯುವ ಈ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದೊಂದೇ. ಆ ಗಾಳಿಯಲ್ಲಿ, ಬಿರುಕುಗಳ ನಡುವೆ, ಕತ್ತಲೆಯಲ್ಲಿ ಇಳಿಯುವಂತಿರಲಿಲ್ಲ. ಗೈಡ್ ಚುಚ್ಚುಮದ್ದು, ಮಾತ್ರೆ, ಸಿಲಿಂಡರಿನ ಆಮ್ಲಜನಕ ಎಲ್ಲ ಕೊಟ್ಟು, ಬೆಳಗಾಗುವವರೆಗೆ ಇವಳು ಮಲಗಕೂಡದು, ಕುಳಿತೇ ಇರಬೇಕು ಎಂದರು. ಒರಗಲು ಅಲ್ಲಿ ಗೋಡೆ ಎಲ್ಲಿದೆ? ಅಕ್ಕ ನನ್ನ ಹಿಂದೆ ಬಂದು, ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು. ರಾತ್ರಿ ಒಂಬತ್ತಕ್ಕೆ ಕುಳಿತವರು ಬೆಳಗಿನ ಐದರವರೆಗೆ ಹಾಗೆಯೇ ಇದ್ದರು. ಡೇರೆಯ ಮೇಲೆ ಬೀಳುವ ಹಿಮವನ್ನು ಕೊಡವಲು ಹೊರಗೆ ಹೋಗಬೇಕಾದಾಗ ಮಾತ್ರ ಸಹಾಯಕ ಗೈಡನ್ನು ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರು. ನನ್ನ ಬೂಟಿನ ಒದ್ದೆ ಒಳಪದರವನ್ನು ತಮ್ಮ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಒಣಗಿಸಿದರು. ಎಂಟು ಬೆರಳು ಉಳಿದದ್ದರ ಲೆಕ್ಕ ಅಲ್ಲಿದೆ.

ಅಮ್ಮ ಕಟ್ಟಿಕೊಟ್ಟ ಮಾಂಬಳ, ಎಂದರೆ ಒಣಗಿಸಿದ ಮಾವಿನ ರಸ, ನನ್ನ ಚೀಲದಲ್ಲಿತ್ತು. ಅದನ್ನು ಚಾಕುವಿನಲ್ಲಿ ಚೂರು ಮಾಡಿ, ಹಿಮ ಕರಗಿಸಿ ಕಾಯಿಸಿದ ನೀರಿನಲ್ಲಿ ಕದಡಿ, ಚಮಚದಲ್ಲಿ ಕುಡಿಸಿದರು. ಹಿಂದಿನ ದಿನದಿಂದ ನನ್ನ ಹೊಟ್ಟೆ ಒಪ್ಪಿದ ಮೊದಲ ಆಹಾರ ಅದು. ತಾವು ಮಾತ್ರ ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ಕಡಕ್ ರೊಟ್ಟಿಯ ಜೊತೆ ಕಟಕಟ ಕಡಿಯುತ್ತಾ ಕುಳಿತಿದ್ದರು. ಆ ಸದ್ದು ನನ್ನ ಬೆನ್ನುಮೂಳೆಗೆ ಕೇಳಿಸುತ್ತಿತ್ತು. ನಾನು ತೂಕಡಿಸದಂತೆ ರಾತ್ರಿಯಿಡೀ ಮಾತಾಡಿಸಿದರು. ತಮ್ಮ ಊರಿನ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದು, ನಮ್ಮ ಶಾಲೆಯಲ್ಲೂ ಹಾಗೆಯೇ ಆಗುತ್ತಿರುವುದು, ನನ್ನ ಕನ್ನಡ ಪುಸ್ತಕದ ಹಾಗಿರುವುದು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಮಾತ್ರ ಕನ್ನಡವಾದರೆ ಅದು ಪುಸ್ತಕದ ಹಾಗಲ್ಲದೆ ಇನ್ನು ಹೇಗಿರುತ್ತದೆ ಎಂದು ನಾನು ಜಗಳವಾಡಿದೆನಂತೆ. ಜಗಳವಾಡುವಷ್ಟು ಬುದ್ಧಿ ಉಳಿದಿದೆಯಲ್ಲ ಎಂದು ಅವರಿಗೆ ಧೈರ್ಯ ಬಂತಂತೆ.

ಬೆಳಿಗ್ಗೆ ಗಾಳಿ ನಿಂತಿತು. ಹವಾಮಾನ ಇನ್ನು ಮೂರು ದಿನ ಚೆನ್ನಾಗಿರುತ್ತದೆ ಎಂಬ ಸುದ್ದಿ ರೇಡಿಯೋದಲ್ಲಿ ಬಂತು. ಅಕ್ಕನಿಗೆ ಬೇಕಾಗಿದ್ದದ್ದು ಅದೇ ಮೂರು ದಿನ. "ಇವಳನ್ನು ನಾವು ಇಳಿಸುತ್ತೇವೆ, ನೀವು ಉಳಿದವರೊಂದಿಗೆ ಮೇಲೆ ಹೋಗಿ" ಎಂದು ಗೈಡ್ ಎರಡು ಸಲ ಹೇಳಿದರು. ಅಕ್ಕ ಉತ್ತರ ಕೊಡದೆ ನನ್ನ ಚೀಲ ಕಟ್ಟುತ್ತಿದ್ದರು. ನನ್ನದಾದ ಮೇಲೆ ತಮ್ಮದನ್ನೂ ಕಟ್ಟಿದರು.

ನನ್ನ ಎರಡು ಸ್ಕೀಗಳನ್ನು ಕೋಲುಗಳಿಂದ, ಹಗ್ಗದಿಂದ ಬಿಗಿದು ಬಂಡಿ ಮಾಡಿದರು. ನಾಲ್ಕು ಚಳಿಗಾಲ ಕಲಿತದ್ದು ಆ ಇಳಿಜಾರನ್ನು ಸ್ಕೀ ಮೇಲೆ ಇಳಿಯುವುದಕ್ಕೆ. ಇಳಿದೆ, ನನ್ನದೇ ಸ್ಕೀಗಳ ಮೇಲೆ, ಮಲಗಿಕೊಂಡು. ಮುಂದೆ ಸಹಾಯಕ ಗೈಡ್, ಹಿಂದೆ ಹಗ್ಗ ಹಿಡಿದ ಬೇರೆ ತಂಡದ ಇಬ್ಬರು. ಅವರ ಹೆಸರು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅವರೂ ಹೇಳಲಿಲ್ಲ. ಆಕಾಶ ಮೇಲಕ್ಕೆ ಓಡುತ್ತಿತ್ತು. ಹಾಳೆಯ ಮೇಲೆ ಕೂರಿಸಿ ತೋಟದಲ್ಲಿ ಎಳೆಯುತ್ತಿದ್ದ ಅಪ್ಪನ ನೆನಪಾಗಿ, "ಇನ್ನೂ ಜೋರಾಗಿ" ಎಂದು ತುಳುವಿನಲ್ಲಿ ಕೂಗಿದೆನಂತೆ. ಪಕ್ಕದಲ್ಲೇ ಸ್ಕೀ ಮೇಲೆ ಇಳಿಯುತ್ತಿದ್ದ ಅಕ್ಕ ನೀರು ಕೇಳುತ್ತಿದ್ದಾಳೆ ಎಂದುಕೊಂಡು ಎಲ್ಲರನ್ನೂ ನಿಲ್ಲಿಸಿಬಿಟ್ಟರು. ಮೊದಲನೆಯ ಶಿಬಿರ ಮುಟ್ಟುವ ಹೊತ್ತಿಗೆ ಎದೆ ಸ್ವಲ್ಪ ಹಗುರಾಗಿತ್ತು.

ನಮ್ಮ ತಂಡದ ಮೂವರು ಶಿಖರ ಮುಟ್ಟಿದರು. ತಮ್ಮ ಆಮ್ಲಜನಕವನ್ನು ನನಗೆ ಬಿಟ್ಟುಕೊಟ್ಟಿದ್ದರೂ ಅವರು ಹಾಗೆಯೇ ಹತ್ತಿದರು ಎಂಬುದು ನನ್ನ ಪಾಲಿನ ಸಂತೋಷ.

ಅಕ್ಕನೊಡನೆ ಕ್ಷಮೆ ಕೇಳಿದ್ದೇನೆ, ಫೋನಿನಲ್ಲಿ ಮೂರು ಸಲ. ಮೂರು ಸಲವೂ ಅವರು ಬೆರಳಿನ ಗಾಯದ ಬಗ್ಗೆ ಕೇಳಿ ಮಾತು ತಿರುಗಿಸಿದರು. ನಾಲ್ಕನೆಯ ಸಲ ಹೀಗೆ ಎಲ್ಲರೆದುರು ಬರೆದು ಕೇಳುತ್ತಿದ್ದೇನೆ. ಇಲ್ಲಿ ಮಾತು ತಿರುಗಿಸಲಾಗದು. ಮತ್ತೆ ಆರ್‌ಡಿ ಶುರುಮಾಡಿದ್ದಾರೆ ಎಂಬುದು ಅವರ ಮಗಳಿಂದ ತಿಳಿಯಿತು. ದಿನವೂ ಬೆಳಿಗ್ಗೆ ಆರಕ್ಕೆ ಅವರಿಂದ ಮೊಬೈಲಿಗೆ ಒಂದೇ ಸಾಲು ಬರುತ್ತದೆ: ಹದಿನೇಳೇಳು ಎಷ್ಟು? ನಾನು ಉತ್ತರ ಬರೆದ ಮೇಲೆಯೇ ಅವರು ಚಹಾ ಕುಡಿಯುವುದಂತೆ.

ಅಕ್ಕ, ಈ ವರ್ಷದ ಮಾಂಬಳವನ್ನು ನಿನ್ನೆ ಪಾರ್ಸೆಲ್ ಮಾಡಿದ್ದೇನೆ, ಅಂಚೆಯಲ್ಲಿಯೇ. ಜೊತೆಗೆ ಹಲಸಿನ ಹಪ್ಪಳವೂ ಇದೆ. ಮಾಂಬಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇರುವೆ ಬಲು ಬೇಗ ಹುಡುಕಿಕೊಂಡು ಬರುತ್ತದೆ.